ಪಾರ್ಚ್‌ಮೆಂಟ್ ಮೂಟೆಯ ಮೇಲೆ ಅಳೆದ ಸೀಟು

ನೀವು ಓಡಿಸುವ ಬೈಕನ್ನು ಯಾರ ಮೈಯಳತೆಗೆ ಮಾಡಿದ್ದಾರೆಂದು ಎಂದಾದರೂ ಕೇಳಿದ್ದೀರಾ? ಕಳೆದ ವಾರ ಹರಿದ ರೆಕ್ಸಿನ್ ಬದಲಿಸಲೆಂದು ನನ್ನ ಬೈಕಿನ ಸೀಟನ್ನು ಬಿಚ್ಚಿಸಿದೆ. ಸ್ಪಂಜಿನಡಿಯಲ್ಲಿ ಒಂದು ಗೋಣಿತಟ್ಟಿನ ತುಂಡು. ಅದರಲ್ಲಿನ್ನೂ ಒಣಗಿದ ಕಾಫಿ ಬೀಜದ ಹುಳಿ ವಾಸನೆ, ಜೊತೆಗೊಂದಿಷ್ಟು ಪೆಟ್ರೋಲು... ಹದಿನಾಲ್ಕು ವರ್ಷ ಹಿಂದಿನ ಆ ಗ್ಯಾರೇಜೇ ಎದುರಿಗೆ ಬಂದು ನಿಂತಿತು.

ಆಗ ನಾನು ಕಳಸದ ಹಾದಿಯ ಒಂದು ಶಾಲೆಯ ಏಕೈಕ ಶಿಕ್ಷಕಿ. ಮೂಡಿಗೆರೆಯಿಂದ ಬಸ್ಸಿನಲ್ಲಿ ಹೋದರೆ ತಲುಪುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತಿತ್ತು. ಬೈಕ್ ಕೊಂಡೆ. ಅದರ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಸೊಂಟ ಉರಿಯುತ್ತಿತ್ತು. ತಿರುವಿನಲ್ಲಿ ಎರಡು ಸಲ ಬಿದ್ದ ಮೇಲೆ ವರ್ಗಾವಣೆಯ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೆ. ಅದನ್ನು ಕೊಟ್ಟರೆ ಶಾಲೆಗೆ ಬೀಗ ಬೀಳುವುದೆಂದು ನನಗೆ ಗೊತ್ತಿತ್ತು.

ಕೊನೆಯ ಪ್ರಯತ್ನವೆಂದು ಮೂಡಿಗೆರೆಯ ಒಬ್ಬ ಗ್ಯಾರೇಜ್ ಮೇಸ್ತ್ರಿಯ ಬಳಿ ಹೋದೆ. ಕಾಫಿ ತೋಟಗಳ ಲೆಕ್ಕ ಬರೆಯುವ ಎಸ್ಟೇಟ್ ರೈಟರುಗಳ ಬೈಕುಗಳನ್ನು ಅವರವರ ಮೈಗೆ ಹೊಂದಿಸಿಕೊಡುವುದರಲ್ಲಿ ಅವರದು ಎತ್ತಿದ ಕೈ. ಅಳತೆಯ ಟೇಪು ಅವರಲ್ಲಿರಲಿಲ್ಲ. ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜದ, ಅಂದರೆ ಪಾರ್ಚ್‌ಮೆಂಟ್ ಕಾಫಿಯ, ಅರ್ಧ ತುಂಬಿದ ಮೂಟೆಯ ಮೇಲೆ ಸವಾರರನ್ನು ಕೂರಿಸಿ, ಅವರೆದ್ದ ಮೇಲೆ ಬೀಜಗಳಲ್ಲಿ ಉಳಿದ ಕುಳಿಯನ್ನು ಅಂಗೈಯಿಂದ ತಡವಿ, ಅದರಂತೆ ಸೀಟು ಕತ್ತರಿಸುತ್ತಿದ್ದರು.

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

"ಅಯ್ಯೋ ಟೀಚರೇ, ಗ್ರೂಪ್ ಫೋಟೋಕ್ಕೆ ಕೂತಂಗೆ ಕೂತ್ರೆ ಹೆಂಗೆ ಮಾರಾಯ್ರೆ? ಹಿಂಗೆ ಕೂತ್ಕೊಂಡು ಘಾಟಿ ಹತ್ತೀರಾ?"

ಮೂರು ಸಲ ಕುಳಿತರೂ ಅದೇ ಕಥೆ. ಆಗ ಅವರು ಸ್ಪ್ಯಾನರ್ ಒರೆಸುತ್ತ, "ಈ ಕಂಪನಿಯವ್ರಿಗೆ ಬೈಕ್ ಮಾಡೋಕೇ ಬರಲ್ಲ ಬಿಡಿ" ಎಂದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ಸುಮ್ಮನಿರುವುದುಂಟೇ? ಕಾರ್ಖಾನೆಗಳಿಲ್ಲದಿದ್ದರೆ ನನ್ನಂಥವರಿಗೆ ಬೈಕೇ ದಕ್ಕುತ್ತಿರಲಿಲ್ಲ. ಪರೀಕ್ಷಿಸಿದ ಬ್ರೇಕನ್ನು, ಊರೂರಲ್ಲೂ ಸಿಗುವ ಬಿಡಿಭಾಗವನ್ನು ಯಾವ ಗ್ಯಾರೇಜು ಕೊಟ್ಟೀತು ಎಂದು ಮುಂದಕ್ಕೆ ಬಾಗಿ, ಎರಡೂ ಕೈ ಚಾಚಿ ವಾದಿಸಿದೆ...

"ಹಾಂ! ಅಲ್ಲಾಡ್ಬೇಡಿ! ಈಗ ಕೂತ್ರಿ ನೋಡಿ ನೀವು!" ಮೇಸ್ತ್ರಿ ಚಪ್ಪಾಳೆ ತಟ್ಟಿದರು. "ನೀವು ಹೇಳೋದು ಸರೀನೇ. ಬ್ರೇಕು, ಇಂಜಿನ್ನು ಕಂಪನಿದೇ ಇರ್ಲಿ, ನಾನು ಮುಟ್ಟಲ್ಲ. ಸೀಟು, ಹ್ಯಾಂಡಲ್ ಮಾತ್ರ ನಿಮ್ದು."

ನಾಲ್ಕನೆಯ ದಿನ ಬೈಕ್ ಏರಿದೆ. ಎರಡೂ ಪಾದಗಳು ನೆಲದ ಮೇಲಿದ್ದವು! ಕೊಟ್ಟಿಗೆಹಾರ ದಾಟಿದ್ದೇ ತಿಳಿಯಲಿಲ್ಲ. ಬಿದ್ದಿದ್ದ ತಿರುವಿನಲ್ಲಿ ಬೇಕೆಂದೇ ಹಾರ್ನ್ ಬಾರಿಸಿದೆ. ಅಂದು ಹೊತ್ತಿಗೆ ಮುಂಚೆಯೇ ತಲುಪಿ ಶಾಲೆಯ ಮೊದಲ ಗಂಟೆಯನ್ನು ಹೊಡೆದವಳು ನಾನೇ. ಅರ್ಜಿ ಸಂಜೆ ಒಲೆ ಸೇರಿತು.

ಮೇಸ್ತ್ರಿ ಈಗಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರೆಂಬುದು ಸೀಟು ಬಿಚ್ಚಿದವರ ಬಾಯಿಂದಲೇ ತಿಳಿಯಿತು. ಒಮ್ಮೆ ಶಾಲೆಗೆ ಕರೆತಂದು ಮಕ್ಕಳಿಗೆ ತೋರಿಸಬೇಕೆಂದಿದ್ದೆ, ತೋರಿಸಲೇ ಇಲ್ಲ... ಸೀಟಿನಡಿಯ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಅವರ ಅಕ್ಷರವಿತ್ತು: 'ಟೀಚರ್. ಜಗಳ ಮಾಡುವಾಗ.'

ಹೊಸ ರೆಕ್ಸಿನ್ ಹಾಕಿಸಿದೆ. ಮೇಸ್ತ್ರಿ ಕಾಫಿ ಮೂಟೆಯಿಂದ ಕತ್ತರಿಸಿ ಇಟ್ಟಿದ್ದ ಆ ಗೋಣಿತಟ್ಟನ್ನು ತೆಗೆಯಲು ಬಿಡಲಿಲ್ಲ.

ನೀವೂ ಮುಂದಿನ ಸಲ ಬೈಕ್ ಕೊಳ್ಳಲು ಹೋದಾಗ, ಬಣ್ಣ ನೋಡುವ ಮೊದಲು ಅದರ ಮೇಲೆ ಹತ್ತು ನಿಮಿಷ ಕುಳಿತು, ಜೊತೆಗೆ ಬಂದವರೊಡನೆ ಮನಸಾರೆ ವಾದ ಮಾಡಿ. ಕಾಲು ಎಟುಕದಿದ್ದರೆ, ಸೊಂಟ ಒಪ್ಪದಿದ್ದರೆ ನಿಮ್ಮ ಮೈಯನ್ನು ಹಳಿಯಬೇಡಿ. ಸೀಟು ಬದಲಿಸಿಕೊಡಿ ಎಂದು ಕೇಳಿ.