ಮಾಳಿಗೆ ಮೇಲೆ ಕೇಳಿದ ಸಿನಿಮಾ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹನ್ನೆರಡು ತುಂಬುವ ಹೊತ್ತಿಗೆ ನಾನು ಕಡಿಮೆಯೆಂದರೂ ಮೂವತ್ತು ಸಿನಿಮಾ ಕೇಳಿದ್ದೆ. ನೋಡಿದ್ದೆ ಎಂದು ಬರೆಯಲು ಹೋಗಿ ಕೈತಪ್ಪಿದ್ದಲ್ಲ. ಕೇಳಿದ್ದೆ, ಒಂದನ್ನೂ ನೋಡಿರಲಿಲ್ಲ. ಈಗಲೂ ಸಿನಿಮಾದಲ್ಲಿ ಮುಖ್ಯವಾದ ಘಟ್ಟ ಬಂತೆಂದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ದುಡ್ಡು ಕೊಟ್ಟು ಬಂದು ನಿದ್ದೆ ಹೊಡೆಯುತ್ತೀಯಲ್ಲ ಎಂದು ಪಕ್ಕದಲ್ಲಿ ಕೂತ ಯಜಮಾನರು ಮೊಣಕೈಯಿಂದ ತಿವಿಯುತ್ತಾರೆ. ಇದಕ್ಕೆಲ್ಲ ಕಾರಣ ನಮ್ಮ ಅಪ್ಪ. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಅಪ್ಪ ಯಲಬುರ್ಗಾದಲ್ಲಿ ಕನ್ನಡ ಶಾಲೆಯ ಮಾಸ್ತರರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬೇರೆ ಮಕ್ಕಳಿಗೆ ಬೇಸಿಗೆ ಸೂಟಿ ಎಂದರೆ ಮಾಸ್ತರರಿಂದ ಬಿಡುಗಡೆ. ನನಗೂ ನಮ್ಮ ಅಣ್ಣನಿಗೂ ಹಾಗಲ್ಲ. ಶಾಲೆಗೆ ಬೀಗ ಬಿದ್ದ ದಿನ ಮಾಸ್ತರರು ಪೂರ್ತಿಯಾಗಿ ಮನೆಗೇ ಬಂದುಬಿಡುತ್ತಿದ್ದರು. ಬಂದವರೇ ಪಡಸಾಲೆಯ ಗೋಡೆಗೆ ಒಂದು ಹಾಳೆ ಅಂಟಿಸುತ್ತಿದ್ದರು. ಅದರ ನೆತ್ತಿಯ ಮೇಲೆ ದುಂಡಗಿನ ಅಕ್ಷರದಲ್ಲಿ 'ಖರ್ಚಿಲ್ಲದ ಕುಟುಂಬ ಕಾರ್ಯಕ್ರಮಗಳು' ಎಂದು ಬರೆದಿರುತ್ತಿತ್ತು.

ಆ ಹಾಳೆಯಲ್ಲಿ 'ಕೈಗಾರಿಕೆ' ಎಂದಿದ್ದರೆ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುವುದು ಎಂದು ಅರ್ಥ. 'ವೀಕ್ಷಣೆ' ಎಂದಿದ್ದರೆ ಸಂತೆ ಮೈದಾನದ ಬದಿಗೆ ಹೋಗಿ ಎತ್ತಿನ ಕಾಲಿಗೆ ಲಾಳ ಬಡಿಯುವುದನ್ನು ನೋಡಿ ಬರುವುದು. ಎಲ್ಲಕ್ಕಿಂತ ಮೈ ಉರಿಯುತ್ತಿದ್ದದ್ದು 'ದೇಶಸಂಚಾರ' ನೋಡಿ. ಅದು ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸಿನ ಹಲಗೆ ಓದುವುದು. ಹತ್ತುವುದಲ್ಲ, ಓದುವುದು. ಗಂಗಾವತಿ ಬಸ್ಸು ಬಂದರೆ ಅಪ್ಪ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಮೇಲೆ ಪಾಠ ಶುರು ಮಾಡುತ್ತಿದ್ದರು. ಕುಷ್ಟಗಿ ಬಸ್ಸು ಬಂದರೆ ಎರೆ ಹೊಲ ಮತ್ತು ತಾವರಗೇರಾದ ಸಂತೆ. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಒಂದೇ ಒಂದು ಸಲ ನಿಜವಾಗಿ ಬಸ್ಸು ಹತ್ತಿಸಿದರು. ಕುಕನೂರಿನಲ್ಲಿ ಇಳಿದು, ಬುತ್ತಿ ಹೊತ್ತು ಇಟಗಿಯ ಗುಡಿಗೆ ನಡೆದೆವು. ಅಲ್ಲಿ ಕಂಬದ ನೆರಳಲ್ಲಿ ರೊಟ್ಟಿ ಬಿಚ್ಚುವ ಮೊದಲು ಕಂಬಗಳ ಮೇಲೆ ಹತ್ತು ಅಂಕದ ಪರೀಕ್ಷೆ ಇಟ್ಟರು. ನನಗೆ ನಾಲ್ಕು ಬಂತು. ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ಸಂಜೆಯ ಕಾರ್ಯಕ್ರಮಕ್ಕೆ ಅವರು ಇಟ್ಟ ಹೆಸರು 'ಶ್ರವ್ಯಕಾವ್ಯ'. ಪ್ರತಿ ಬೇಸಿಗೆಗೆ ಊರ ಹೊರಗೆ ಟೂರಿಂಗ್ ಟಾಕೀಸಿನ ಟೆಂಟು ಬಂದು ಬೀಡುಬಿಡುತ್ತಿತ್ತು. ನಮ್ಮ ಓಣಿ ಊರಿನ ಕೊನೆಯದು, ನಡುವೆ ಒಂದು ಬಯಲು ಅಷ್ಟೆ. ಹೊತ್ತು ಮುಳುಗುವಾಗ ಟೆಂಟಿನ ಕಂಬದ ಮೇಲಿನ ಮೈಕಿನ ಭೋಂಗಾ ಹಾಡಲು ಶುರುಮಾಡಿದರೆ ನಾವು ನಿಚ್ಚಣಿಕೆ ಹತ್ತಿ ಮಾಳಿಗೆ ಸೇರುತ್ತಿದ್ದೆವು. ಅಪ್ಪ, ಅವ್ವ, ಅಣ್ಣ, ನಾನು ಮತ್ತು ನೀಲವ್ವತ್ತೆ. ರೊಟ್ಟಿ, ಶೇಂಗಾದ ಚಟ್ನಿ ಹಿಂಡಿ, ಮೊಸರು ಮುಂದಿಟ್ಟುಕೊಂಡು ಇಡೀ ಸಿನಿಮಾ ಕೇಳುತ್ತಿದ್ದೆವು. ಸಿನಿಮಾ ತೋರಿಸುವುದು ಒಂದೇ ಯಂತ್ರವಾದ್ದರಿಂದ ರೀಲು ಮುಗಿದಾಗಲೆಲ್ಲ ಬಿಡುವು. ಆ ಬಿಡುವಿನಲ್ಲಿ, ಈಗ ಅಲ್ಲಿ ಏನಾಯಿತು ಎಂದು ನಮ್ಮಲ್ಲಿ ವಾದ. ಸಿನಿಮಾ ನೋಡಲು ಕರೆದುಕೊಂಡು ಹೋಗಿ ಎಂದು ನಾವು ಗೋಗರೆದರೆ ಅಪ್ಪ, ನಮ್ಮ ಹಿರಿಯರು ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಎರಡು ಮಾಡಿದ್ದಾರೆ, ನೋಡಿದ್ದು ಕಣ್ಣಿಗಷ್ಟೇ ಸಾಕು, ಕೇಳಿದ್ದು ಬುದ್ಧಿಗೆ ಸಾಣೆ ಹಿಡಿಯುತ್ತದೆ ಎನ್ನುತ್ತಿದ್ದರು. ಹಿಂದೆ ಒಬ್ಬ ಕುರುಡ ಅರಸ ಇಡೀ ಯುದ್ಧವನ್ನು ಕೂತಲ್ಲೇ ಕೇಳಿ ತಿಳಿದುಕೊಳ್ಳಲಿಲ್ಲವೇ ಎಂದು ಉದಾಹರಣೆ ಬೇರೆ. ಅವನಿಗೆ ಕಣ್ಣಿರಲಿಲ್ಲ, ನಮಗೆ ಇದಾವಲ್ಲ ಎಂದು ಅಣ್ಣ ಒಮ್ಮೆ ಅಂದು ಕಿವಿ ಹಿಂಡಿಸಿಕೊಂಡ.

ನೀಲವ್ವತ್ತೆ ಅಪ್ಪನ ಅಕ್ಕ. ಬೇವೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಆಗ ಏಳು ವರ್ಷವಾಗಿತ್ತು. ಬಳೆಯಿಲ್ಲದ ಕೈಯಲ್ಲಿ ಸದಾ ಏನಾದರೂ ಕೆಲಸ. ಅವಳಷ್ಟು ಚೆನ್ನಾಗಿ ಸಿನಿಮಾ ಕೇಳುವವರನ್ನು ನಾನು ಕಂಡಿಲ್ಲ. ನಾಲ್ಕು ದಿನ ಕೇಳಿದರೆ ಐದನೆಯ ದಿನ ಮಾತುಗಳನ್ನು ತಾನೇ ಮುಂಚೆ ಹೇಳುತ್ತಿದ್ದಳು. ಪಕ್ಕದ ಮಾಳಿಗೆಯ ಮೇಲೆ ಬಡಿಗೇರರ ಮುದುಕಿ ಈರಮ್ಮ ನಮಗೆ ಬೆನ್ನು ಮಾಡಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡವಳೇ. ಅವಳು ಒಂದು ದಿನವೂ ನಮ್ಮ ವಾದಕ್ಕೆ ಬಾಯಿ ಹಾಕಲಿಲ್ಲ.

ಆ ವರ್ಷ ಒಂದು ಸಂಸಾರದ ಚಿತ್ರ ಬಂತು. ಕೊನೆಯ ರೀಲಿನಲ್ಲಿ ಸೊಸೆಯ ಮೇಲೆ ಕಳವಿನ ಆರೋಪ ಬರುತ್ತದೆ. ಅತ್ತೆ, ಮಾವ, ಗಂಡ, ಮೈದುನ ಎಲ್ಲರೂ ಒಟ್ಟಿಗೆ ಕೂಗಾಡುತ್ತಾರೆ. ಆಮೇಲೆ ಮಾತೇ ಇಲ್ಲ. ಪಿಟೀಲೂ ಇಲ್ಲ. ಆ ಮೌನದ ನಡುವೆ ಛಟೀರ್ ಎಂದು ಒಂದು ಏಟು. ಅದರ ಹಿಂದೆಯೇ ಟೆಂಟಿನ ತುಂಬ ಸಿಳ್ಳೆ. ಯಾರು ಯಾರಿಗೆ ಹೊಡೆದರು?

ಗಂಡ ಹೆಂಡತಿಗೆ ಹೊಡೆದ, ಇದರಲ್ಲಿ ಯೋಚಿಸುವುದೇನಿದೆ ಎಂದಳು ಅವ್ವ. ಅಣ್ಣನ ಪ್ರಕಾರ ಗಂಡ ತನ್ನ ತಮ್ಮನಿಗೆ ಹೊಡೆದ. ಮಗನಿಗೆ ಬುದ್ಧಿ ಕಲಿಸಲು ತಂದೆಯೇ ಹೊಡೆದಿರಬೇಕೆಂದು ಅಪ್ಪ ಮಾಸ್ತರಿಕೆಯ ತೀರ್ಪು ಕೊಟ್ಟರು. ನೀಲವ್ವತ್ತೆ ಮಾತ್ರ ಎರಡು ಸಂಜೆ ಕಿವಿಗೊಟ್ಟು ಕೇಳಿ, ಮೂರನೆಯ ಸಂಜೆ ಹೇಳಿದಳು:

"ಸೊಸಿ ಗಂಡಗ ಹೊಡದಾಳ. ಬಳಿ ಸಪ್ಪಳ ಮೊದಲ ಬರ್ತೈತಿ, ಏಟಿನ ಸಪ್ಪಳ ಆಮ್ಯಾಲೆ."

ಎಲ್ಲರೂ ನಕ್ಕೆವು. ಸಿನಿಮಾದಲ್ಲಿ ಹೆಂಡತಿ ಗಂಡನಿಗೆ ಹೊಡೆಯುವುದುಂಟೇ? ಅತ್ತೆ ನಗಲಿಲ್ಲ. ಮರುದಿನ ನಾವೂ ಎಂದಿನಂತೆ ಕಣ್ಣು ಮುಚ್ಚಿಕೊಂಡು ಕೇಳಿದೆವು. ಬಳೆಯ ಸದ್ದು ನನಗೆ ಕೇಳಿದಂತೆಯೂ ಆಯಿತು, ಕೇಳದಂತೆಯೂ ಆಯಿತು. ಶುಕ್ರವಾರ ಚಿತ್ರ ಬದಲಾಗುತ್ತದೆ. ಇದು ತಿಳಿಯದೆ ನಾನು ಬದುಕುವುದು ಹೇಗೆ?

ಬುಧವಾರ ಬೆಳಗ್ಗೆ ಗೋಡೆಯ ಮೇಲಿನ ಹಾಳೆ ಕಿತ್ತು ಹರಿದುಹಾಕಿದೆ. ಊಟ ಮಾಡುವುದಿಲ್ಲ ಎಂದೆ. ಅಪ್ಪ ಜುಗ್ಗ ಎಂದು ಓಣಿಗೆ ಕೇಳುವ ಹಾಗೆ ಕಿರುಚಿದೆ. ಅಪ್ಪ ಏಟು ಕೊಡಲಿಲ್ಲ. ಟೋಪಿ ಹಾಕಿಕೊಂಡು ಹೊರಗೆ ಹೋಗಿಬಿಟ್ಟರು. ಅವ್ವ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು.

"ನಿಮ್ಮಪ್ಪ ಜುಗ್ಗ ಅಲ್ಲ. ನಾವೆಲ್ಲ ಟೆಂಟಿಗೆ ಹ್ವಾದ್ರ ನಿಮ್ಮತ್ತಿ ಮನ್ಯಾಗ ಒಬ್ಬಾಕಿ ಉಳೀತಾಳ. ಕರಕೊಂಡು ಹ್ವಾದ್ರ, ಗಂಡ ಸತ್ತಾಕಿ ಸಿನಿಮಾಕ್ಕ ಬಂದಾಳ ಅಂತ ಮಂದಿ ಆಡಿಕೊಂತಾರ. ಅದಕ್ಕ ಅವರು ರೊಕ್ಕಿಲ್ಲ ಅಂತಾರ. ಇದನ್ನ ಅತ್ತಿ ಮುಂದ ಅಂದಿ ಅಂದ್ರ ನೋಡು."

ಏಳು ಬೇಸಿಗೆ ಒಬ್ಬ ಮನುಷ್ಯ ತಾನು ಜುಗ್ಗನೆನಿಸಿಕೊಂಡು, ಬಾಯಿಗೆ ಬಂದ ಕಾವ್ಯಶಾಸ್ತ್ರವನ್ನೆಲ್ಲ ಹೇಳಿ, ಅಕ್ಕನ ಜೊತೆ ಮಾಳಿಗೆಯ ಮೇಲೆ ಕೂತಿದ್ದ. ಎಂಥ ಅಪ್ಪ ಎಂದು ಕಣ್ಣೀರು ಬಂತು. ಆದರೆ ಆ ಕಣ್ಣೀರು ಕೆನ್ನೆಗೆ ಇಳಿಯುವ ಮೊದಲೇ ಮತ್ತೆ ಸಿಟ್ಟು ಬಂತು. ಅಷ್ಟು ಪ್ರೀತಿ ಇದ್ದವರಿಗೆ ಅಕ್ಕನ ಕೈ ಹಿಡಿದು ಕರೆದುಕೊಂಡು ಹೋಗುವುದಕ್ಕೆ ಏನಾಗಿತ್ತು? ನೇರ ಅಡುಗೆಮನೆಗೆ ಹೋಗಿ, ಹುಣಸೆಹಣ್ಣು ಜಜ್ಜುತ್ತಿದ್ದ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಜಜ್ಜುವ ಕಲ್ಲನ್ನು ಕೆಳಗಿಟ್ಟು, ನನ್ನ ಹಿಂದೆ ಓಡಿ ಬಂದಿದ್ದ ಅವ್ವನನ್ನು ದಿಟ್ಟಿಸಿ ನೋಡಿದಳು.

"ನನ್ನ ಸಲುವಾಗಿ? ನಾ ಯಾವಾಗ ಬರಂಗಿಲ್ಲ ಅಂದಿದ್ದೆ? ಏಳು ವರ್ಷದಾಗ ಒಂದು ಮಾತು ಯಾರರೆ ಕೇಳೀರೇನು ನನಗ?"

ಏಳು ವರ್ಷದ್ದನ್ನೆಲ್ಲ ಅವ್ವನ ಮುಂದೆ ಸುರಿದಳು. ನನಗೆ ಆಗ ಗೊತ್ತಾದದ್ದು ಇನ್ನೊಂದು. ಅತ್ತೆಯೂ ನಮ್ಮ ಹಾಗೆ ಅಪ್ಪನನ್ನು ಕಡು ಜುಗ್ಗನೆಂದೇ ನಂಬಿದ್ದಳು. ಹಾಗೆ ನಂಬಿ, ನೀರಿನ ಬಾವಿಯ ಹತ್ತಿರ ಯಾರಾದರೂ ಆಡಿಕೊಂಡರೆ ನನ್ನ ತಮ್ಮನಿಗೆ ಸಿನಿಮಾ ಕಂಡರೆ ಆಗುವುದಿಲ್ಲ ಎಂದು ಸುಳ್ಳು ಹೇಳಿ ಅವರ ಮಾನ ಕಾಯ್ದಿದ್ದಳು. ತಮ್ಮ ಅಕ್ಕನ ಮಾನ ಕಾಯ್ದ, ಅಕ್ಕ ತಮ್ಮನ ಮಾನ ಕಾಯ್ದಳು, ನಡುವೆ ನಾನು ಮೂವತ್ತು ಸಿನಿಮಾ ಕಳೆದುಕೊಂಡೆ. ನೀವೇ ಹೇಳಿ, ಸಿಟ್ಟು ಬರುವುದು ತಪ್ಪೇ?

ಅಪ್ಪ ಸಂಜೆ ಮನೆಗೆ ಬಂದಾಗ ಅತ್ತೆ ಮುಖ ತೊಳೆದು, ಟ್ರಂಕಿನ ತಳದ ಇಳಕಲ್ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಹೊದ್ದು ಪಡಸಾಲೆಯಲ್ಲಿ ನಿಂತಿದ್ದಳು. ಎಲ್ಲರೂ ಟೆಂಟಿಗೆ ಹೋಗೋಣ ಎಂದಳು. ಅಪ್ಪ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.

"ಅಕ್ಕಾ, ಮಂದಿ..."

"ಮಂದಿ ಸಿನಿಮಾ ನೋಡಾಕ ಬಂದಿರ್ತಾರೋ ತಮ್ಮಾ, ನನ್ನ ನೋಡಾಕ ಬಂದಿರಂಗಿಲ್ಲ."

ಬಯಲು ದಾಟುವಾಗ ಅಪ್ಪ ತಲೆ ತಗ್ಗಿಸಿ ಎಲ್ಲರಿಗಿಂತ ಹಿಂದೆ ನಡೆದರು. ಅಪ್ಪ, ಅಣ್ಣ ಗಂಡಸರ ಕಡೆ ಹೋದರು. ನಾವು ಮೂವರು ಹೆಂಗಸರ ಕಡೆ ಮರಳಿನ ಮೇಲೆ ಕೂತೆವು. ಇಡೀ ಟೆಂಟು ತಿರುಗಿ ಅತ್ತೆಯನ್ನು ನೋಡುತ್ತದೆ ಎಂದು ಹೆದರಿ ಅವಳ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದೆ. ಹಿಂದೆ ಕೂತಿದ್ದ ಒಬ್ಬಳು ಅತ್ತೆಯ ಕಡೆ ಬಾಗಿದಳು, ನಿಜ. ಸ್ವಲ್ಪ ಸರಿಯಿರಿ, ನನ್ನ ಮಗಳಿಗೆ ಪರದೆ ಕಾಣುವುದಿಲ್ಲ ಎಂದಳು. ಅಷ್ಟೆ. ಏಳು ವರ್ಷ ನಮ್ಮ ಮನೆಯವರು ಹೆದರಿದ್ದ ಮಂದಿಯ ಬಾಯಿಯಿಂದ ಬಂದದ್ದು ಅದೊಂದೇ ಮಾತು. ನನಗೆ ಇವತ್ತಿಗೂ ಹೆಚ್ಚು ಉರಿಯುವುದು ಇದೇ. ಯಾರಾದರೂ ಏನಾದರೂ ಅಂದಿದ್ದರೆ ಅಪ್ಪನ ಹೆದರಿಕೆಗಾದರೂ ಒಂದು ಮರ್ಯಾದೆ ಇರುತ್ತಿತ್ತು.

ಕೊನೆಯ ರೀಲು ಬಂತು. ಕೂಗಾಟ ನಿಂತು ಮೌನ ಕವಿಯಿತು. ಅಭ್ಯಾಸಬಲದಿಂದ ನನ್ನ ಕಣ್ಣು ಮುಚ್ಚುತ್ತಿದ್ದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದು ಅಲುಗಾಡಿಸಿದಳು. ಕಣ್ಣು ತೆರೆದೆ. ಪರದೆಯ ಮೇಲೆ ಬಳೆ ತುಂಬಿದ ಕೈಯೊಂದು ಮೇಲೆದ್ದು, ಗಂಡನ ಕೆನ್ನೆಗೆ ಬಿತ್ತು. ಅತ್ತೆ ಗಂಡಸರ ಕಡೆಗೆ ಕತ್ತು ಚಾಚಿ ತಮ್ಮನನ್ನು ಹುಡುಕಿದಳು. ಅಪ್ಪ ಪರದೆ ಬಿಟ್ಟು ಇತ್ತಲೇ ನೋಡುತ್ತಿದ್ದರು. ಎರಡೂ ಕೈಯಿಂದ ತಮ್ಮ ಕಿವಿ ಹಿಡಿದುಕೊಂಡು ತೋರಿಸಿದರು. ತಪ್ಪಾಯಿತು ಎಂದು ಶಾಲೆಯಲ್ಲಿ ಮಕ್ಕಳಿಂದ ಹಿಡಿಸುತ್ತಿದ್ದರಲ್ಲ, ಹಾಗೆ.

ಅಲ್ಲಿಗೆ ನನ್ನ ಸಿಟ್ಟು ಇಳಿಯಬೇಕಾಗಿತ್ತು, ಇಳಿಯುವುದರಲ್ಲೂ ಇತ್ತು. ಆದರೆ ಮರುದಿನ ಗುರುವಾರ ಸಂಜೆ ಭೋಂಗಾ ಹಾಡಲು ಶುರುಮಾಡಿದಾಗ ಈರಮ್ಮ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಅರ್ಧ ಹೊಸೆದ ಬತ್ತಿ ಹಾಗೇ ಇತ್ತು. ಹೊಸ್ತಿಲ ಹೊರಗೇ ನಿಂತು, ಒಳಗೆ ಅಪ್ಪ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅತ್ತೆಯನ್ನು ಮೆಲ್ಲಗೆ ಕೇಳಿದಳು.

"ನೀಲವ್ವಾ, ಆ ಏಟು ಯಾರು ಹೊಡದದ್ದು? ಒಂದು ವಾರದಿಂದ ನನಗ ನಿದ್ದಿ ಇಲ್ಲ ನೋಡವ್ವಾ."

ನಮಗೆ ಬೆನ್ನು ಮಾಡಿ ಕೂತಿದ್ದಳು ಎಂದು ನಾವು ತಿಳಿದಿದ್ದೆವು. ಅವಳು ಟೆಂಟಿಗೆ ಮುಖ ಮಾಡಿ ಕೂತಿದ್ದಳು. ಇಡೀ ಓಣಿಯಲ್ಲಿ ಇನ್ನೆಷ್ಟು ಮಾಳಿಗೆಗಳ ಮೇಲೆ ಇನ್ನೆಷ್ಟು ಜನ ಹೀಗೆ ಕೂತಿದ್ದರೋ, ಅವರನ್ನೆಲ್ಲ ಕಾಯುತ್ತ ಇನ್ನೆಷ್ಟು ಅಪ್ಪಂದಿರು ಜುಗ್ಗರಾಗಿದ್ದರೋ. ನಾನು ಉತ್ತರ ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೇಳಂಗಿಲ್ಲ. ಸೀರಿ ಬದಲಿ ಮಾಡಿಕೊಂಡು ಬಾ, ಇವತ್ತು ಕಡೀ ದಿನ ಐತಿ."