ಜಟ್ಟ ತಾಂಡೇಲ ನೋಡಿದ ಹಳೆಯ ಫಿಲ್ಮು

ಕಾಸರಕೋಡದ ಜಟ್ಟನಿಗೆ ಎದುರಿದ್ದವರ ಮುಖ ನೋಡಿ ಮಾತಾಡುವ ಅಭ್ಯಾಸ ಕಡಿಮೆ. ಅವನು ಬಹುಕಾಲ ಬೋಟಿನ ತಾಂಡೇಲನಾಗಿದ್ದ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅವನ ಕೆಲಸ. ಮೀನಿನ ಹಿಂಡು ಇರುವಲ್ಲಿ ನೀರು ತುಸು ಕಪ್ಪಾಗಿ, ಸಣ್ಣಗೆ ನಡುಗುತ್ತದೆ. ಅದನ್ನು ಗುರುತಿಸಬೇಕಾದರೆ ಕಣ್ಣು ಕದಲಬಾರದು. ಹಿಂದಿನಿಂದ ಯಾರು ಕರೆದರೂ ತಿರುಗದವನೇ ಒಳ್ಳೆಯ ತಾಂಡೇಲ ಎಂದು ಬಂದರಿನಲ್ಲಿ ಹೇಳುತ್ತಾರೆ.

ಹಾಗಾಗಿ ಮೊಮ್ಮಗಳು ಪ್ರಣಿತಾ ಎರಡು ವರ್ಷ ದಾಟಿದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದುದು ಅವನಿಗೆ ಹೆಮ್ಮೆಯ ವಿಷಯವಾಯಿತು. ಮಗು ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವವರೆಗೂ ಕಣ್ಣು ತೆಗೆಯುತ್ತಿರಲಿಲ್ಲ. ಮಾತು ಒಂದೂ ಬಂದಿರಲಿಲ್ಲ.

“ನೋಡ್ರಾ, ತಾಂಡೇಲನ ಕಣ್ಣು!” ಎಂದು ಜಟ್ಟ ಅಂಗಳಕ್ಕೆ ಬಂದವರಿಗೆಲ್ಲ ತೋರಿಸುತ್ತಿದ್ದ.

ಮಗಳು ಸುಚಿತಾಗೆ ಮಾತ್ರ ಹೆದರಿಕೆ. ಗಂಡ ದಿನೇಶ ಮಲ್ಪೆಯ ಬೋಟಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳು ತವರಿನಲ್ಲಿದ್ದು ಮೀನು ಒಣಗಿಸುವ ಕೆಲಸ ಮಾಡುತ್ತಿದ್ದಳು. ಮಗುವಿನ ಕಿವಿ ಪರೀಕ್ಷೆ ಮಾಡಿಸಿದಳು, ಕಿವಿ ಸರಿಯಿತ್ತು. ಕುಮಟಾದಲ್ಲಿ ಮಕ್ಕಳಿಗೆ ಮಾತಿನ ತರಬೇತಿ ಕೊಡುವ ಅಮಿತಾ ಎಂಬವರಿದ್ದಾರೆ, ಎಳೆಯ ವಯಸ್ಸಿನಲ್ಲೇ ಶುರುಮಾಡಿದರೆ ಹೆಚ್ಚು ಅನುಕೂಲ, ತಡಮಾಡಬೇಡಿ ಎಂದರು ಡಾಕ್ಟರು.

“ಎಂತ ತರಬೇತಿ? ನಾ ಮಾತಾಡಿದ್ದೇ ನಾಲ್ಕು ವರ್ಷಕ್ಕೆ. ಮಗೂಗೆ ಎಂತಾ ಆಗ್ಲಿಲ್ಲ” ಎಂದ ಜಟ್ಟ.

ಸುಚಿತಾಳ ತಾಯಿ ಮಂಜಿ ಬೇರೆಯೇ ಕಡೆಯಿಂದ ಚುಚ್ಚಿದಳು: “ಮೊಬೈಲ್ ಕೈಗೆ ಕೊಟ್ಟು ಮೀನು ಒಣಗ್ಸೂಕೆ ಹೋದ್ರೆ ಮಗು ಇನ್ನೆಂತ ಕಲೀತದೆ?”

“ಆತು, ತಪ್ಪೆಲ್ಲ ನಂದೇ” ಎಂದಳು ಸುಚಿತಾ. “ಅಪ್ಪ, ನೀ ಒಂದು ಸಲ ಕುಮಟಾಕ್ಕೆ ಬಾ. ಕಂಡಾದ್ಮೇಲೂ ಬೇಡ ಅಂದ್ರೆ ನಾ ಮತ್ತೆ ಕೇಳೂದಿಲ್ಲ.”

ಅವರು ಕುಮಟಾಕ್ಕೆ ಹೋದದ್ದು ಒಂದು ಶನಿವಾರ. ಅಂದು ಅಮಿತಾ ತಮ್ಮಲ್ಲಿಗೆ ಬರುವ ತಂದೆತಾಯಿಗಳಿಗೆ ಇಂಥ ಮಕ್ಕಳ ಬಗೆಗಿನ ಒಂದು ಹಳೆಯ ವೈದ್ಯಕೀಯ ಫಿಲ್ಮು ತೋರಿಸುವವರಿದ್ದರು. ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಯಾವುದೋ ವಿದೇಶದ ಆಸ್ಪತ್ರೆಯಲ್ಲಿ, ವೈದ್ಯ ವಿದ್ಯಾರ್ಥಿಗಳ ಪಾಠಕ್ಕೆಂದು ತೆಗೆದದ್ದು. ಬಣ್ಣವಿಲ್ಲ, ಶಬ್ದವಿಲ್ಲ.

“ಇದನ್ನ ತೆಗೆದವರು ಲಕ್ಷಣ ಚೆನ್ನಾಗಿ ನೋಡಿದ್ದಾರೆ, ಮಕ್ಕಳನ್ನ ಅಷ್ಟಾಗಿ ನೋಡಿಲ್ಲ. ಎರಡನ್ನೂ ಗಮನಿಸಿ” ಎಂದರು ಅಮಿತಾ.

ಗೋಡೆಯ ಮೇಲೆ ಒಬ್ಬ ಪುಟ್ಟ ಹುಡುಗ ಮೂಡಿದ. ಪಾತ್ರೆಯ ಮುಚ್ಚಳ ತಿರುಗಿಸುತ್ತ ಕೂತಿದ್ದ. ಹಿಂದೆ ನಿಂತ ಡಾಕ್ಟರು ಚಪ್ಪಾಳೆ ತಟ್ಟಿದರು, ಅವನು ತಿರುಗಲಿಲ್ಲ. ಅದುವರೆಗೆ ಕಿಟಕಿಯಾಚೆ ನೋಡುತ್ತಿದ್ದ ಜಟ್ಟ ಮುಂದಿನ ಬೆಂಚನ್ನು ಹಿಡಿದುಕೊಂಡ.

“ಸುಚಿತಾ, ಇದು ನಮ್ಮ ಪ್ರಣೀನೇ.”

ಡಾಕ್ಟರು ಹುಡುಗನ ಗಲ್ಲ ಹಿಡಿದು ಕ್ಯಾಮೆರಾದತ್ತ ತಿರುಗಿಸಿದರು. ಹುಡುಗನ ಕಣ್ಣು ಪಕ್ಕಕ್ಕೆ ಜಾರಿತು. ಮತ್ತೆ ತಿರುಗಿಸಿದರು.

“ಕೈ ತೆಗಿಯಾ!” ಜಟ್ಟ ಎದ್ದು ನಿಂತ. “ಕಿವಿರು ಬಿಡ್ಸಿ ನೋಡೂಕೆ ಅದೆಂತ ಮೀನಾ?”

ಅಮಿತಾ ಫಿಲ್ಮು ನಿಲ್ಲಿಸಿದರು. “ಜಟ್ಟಣ್ಣ, ಆ ಡಾಕ್ಟ್ರು ಸತ್ತು ಎಷ್ಟೋ ಕಾಲ ಆಗಿರ್ಬೇಕು. ನಿಮ್ಮ ಬೈಗುಳ ಮುಟ್ಟೂದಿಲ್ಲ.”

ಎಲ್ಲರೂ ನಕ್ಕರು. ಜಟ್ಟ ನಗಲಿಲ್ಲ.

“ಅಕ್ಕೋರೆ, ಆ ಹುಡ್ಗ ಮುಂದೆ ಎಂತ ಆದ?”

“ಗೊತ್ತಿಲ್ಲ. ಹೆಸರೂ ಬರ್ದಿಲ್ಲ.”

“ಅವನ ಅಮ್ಮ ಎಲ್ಲಿ?”

“ಹೊರಗೆ ಕೂರ್ಸಿರ್ಬೇಕು. ಅಮ್ಮ ಪ್ರೀತಿ ಮಾಡದ್ದಕ್ಕೇ ಮಗು ಹೀಂಗಾತು ಅಂತ ಆಗ ದೊಡ್ಡ ಡಾಕ್ಟ್ರೇ ಹೇಳ್ತಿದ್ರು. ಅದು ತಪ್ಪು ಅಂತ ಆಮೇಲೆ ಗೊತ್ತಾತು. ಇಂಥಾ ಮಕ್ಕಳ ಮೆದುಳು ಬೆಳೆಯೂ ರೀತಿಯೇ ಬೇರೆ. ಅಮ್ಮ ಮಾಡಿದ್ದಲ್ಲ.”

ಸುಚಿತಾ ಸೆರಗಿನಿಂದ ಮುಖ ಒರೆಸಿಕೊಂಡಳು.

ಮರಳುವ ಬಸ್ಸು ಶರಾವತಿ ಸೇತುವೆ ದಾಟುತ್ತಿತ್ತು. “ಮುಂದಿನ ಶನಿವಾರಾನೂ ಹೋಗ್ವ” ಎಂದ ಜಟ್ಟ. ಮನೆಗೆ ಬಂದವನೇ ಮಂಜಿಗೆ ಹೇಳಿದ: “ಇನ್ನು ಮೊಬೈಲಿನ ಸುದ್ದಿ ಎತ್ತೂಕಿಲ್ಲ.”

ಮಕ್ಕಳ ತಜ್ಞರು ನೋಡಿ ಆಟಿಸಂ ಎಂದು ಖಚಿತಪಡಿಸಿದರು. ತರಬೇತಿ ಶುರುವಾಯಿತು. ಅಮಿತಾ ಕೊಟ್ಟ ಮನೆಗೆಲಸ ಕೇಳಲು ಸುಲಭವಾಗಿತ್ತು: ಮಗುವಿನ ಮುಖ ತಿರುಗಿಸಬೇಡಿ, ನೀವೇ ಅವಳ ಕಣ್ಣಿನ ದಾರಿಗೆ ಹೋಗಿ ಕೂರಿ. ಅವಳು ಮೆಚ್ಚುವ ಆಟ ಆಡಿ, ಒಂದು ಮಾತು ಹೇಳಿ, ಕಾಯಿರಿ. ಜಟ್ಟ ಆ ಒಂದು ಮಾತನ್ನು ಬೋಟಿನ ಇಂಜಿನ್ ಸದ್ದನ್ನು ಮೀರಿಸುವ ದನಿಯಲ್ಲಿ ಹೇಳಿದ. ಮಗು ಕಿವಿ ಮುಚ್ಚಿಕೊಂಡಿತು. ಮುಚ್ಚಳ ತಿರುಗಿಸಿದ, ಅದು ಒಲೆಯ ಬುಡಕ್ಕೆ ಹಾರಿತು. ಮಗು ಎದ್ದು ಹೋಯಿತು.

ಕೊನೆಗೆ ಬಲೆಯ ಹಳೆಯ ಹಗ್ಗವೊಂದು ಪ್ರಣಿತಾಗೆ ಹಿಡಿಸಿತು. ಬಲೆ ಎಳೆಯುವಾಗ ಒಬ್ಬ “ಹೋ” ಎಂದು ಕೂಗಿದರೆ ಉಳಿದವರು “ಐಸಾ” ಎಂದು ಒಟ್ಟಿಗೆ ಎಳೆಯುತ್ತಾರೆ. ಉತ್ತರ ಬರದೆ ಯಾರೂ ಎಳೆಯುವಂತಿಲ್ಲ. ಜಟ್ಟ ಹಗ್ಗದ ಒಂದು ತುದಿ ಮಗುವಿಗೆ ಕೊಟ್ಟು, ಎರಡೂ ಮಾತನ್ನು ತಾನೇ ಮೆಲ್ಲಗೆ ಹೇಳಿ ಎಳೆಯತೊಡಗಿದ.

ಮಳೆಗಾಲದಲ್ಲಿ ಬೋಟುಗಳು ನಿಂತು ದಿನೇಶ ಮನೆಗೆ ಬಂದಾಗಲೂ ಅದು ನಡೆದೇ ಇತ್ತು.

“ಮಾವ, ಎಷ್ಟು ಮೀನು ಬಿತ್ತು?”

“ಸುಮ್ನಿರಾ. ಬಲೆ ಇನ್ನೂ ನೀರಲ್ಲೇ ಅದೆ.”

ಜಟ್ಟ “ಹೋ” ಎಂದ. ಈ ಸಲ ಉತ್ತರ ಹೇಳಲಿಲ್ಲ, ಹಗ್ಗ ಎಳೆಯಲೂ ಇಲ್ಲ. ಪ್ರಣಿತಾ ಹಗ್ಗ ನೋಡಿದಳು. ಅವನ ಕೈ ನೋಡಿದಳು. ನಿಧಾನಕ್ಕೆ ಕಣ್ಣು ಮೇಲೆತ್ತಿ ಅವನ ಮುಖ ನೋಡಿದಳು.

“ಸಾ.”

ಬಾಯಿಗೆ ಬಂದ ಕೂಗನ್ನು ನುಂಗಿಕೊಂಡು ಜಟ್ಟ ಹಗ್ಗ ಎಳೆದ. ಮಗು ಕಿಲಕಿಲ ನಕ್ಕು ಮತ್ತೆ “ಸಾ” ಎಂದಿತು. ಒಳಗಿನಿಂದ ಓಡಿ ಬಂದ ಸುಚಿತಾ ಬಾಗಿಲಲ್ಲೇ ನಿಂತು ಕೇಳಿದಳು.

ಈಗ ಪ್ರಣಿತಾ ಅಂಗನವಾಡಿಗೆ ಹೋಗುತ್ತಾಳೆ. ಮಾತು ಕೆಲವೇ, ಗದ್ದಲವಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಶನಿವಾರದ ಕುಮಟಾ ತರಬೇತಿ ತಪ್ಪುವುದಿಲ್ಲ.

“ಅಜ್ಜ ಅಂತ ಯಾವಾಗ ಕರೀತದ್ಯಾ ಮೊಮ್ಮಗಳು?” ಎಂದು ಬಂದರಿನವರು ಕೆಣಕುತ್ತಾರೆ.

“ಕರೀತದೆ. ಮೀನಿಗೇ ರಾತ್ರಿಗಟ್ಲೆ ಕಾದವ ನಾ” ಎನ್ನುತ್ತಾನೆ ಜಟ್ಟ. “ಇದಕ್ಕೆ ಕಾಯೂಕೆ ಎಂತ ಕಷ್ಟ?”