ಹದಿಮೂರು ಜನರ ತಂಡ

ಕ್ಯಾನಿಂಗ್ ವೇಲ್‌ನ ನಮ್ಮ ಮನೆಯ ಹಾಲಿನಲ್ಲಿ, ಟಿವಿಯ ಮೇಲುಗಡೆ, ಒಂದು ಮರದ ಕೋಲು ತೂಗುತ್ತಿತ್ತು. ಹಾಕಿ ಕೋಲಿಗಿಂತ ಗಿಡ್ಡ, ತುದಿಯಲ್ಲಿ ಅಂಗೈಯಷ್ಟು ಅಗಲ. ಊಟಕ್ಕೆ ಬಂದ ಸ್ನೇಹಿತರು ಏನಿದು ಅಂತ ಕೇಳಲಿ ಎಂದೇ ಅಲ್ಲಿ ಮೊಳೆ ಹೊಡೆದಿದ್ದೆ. ಕೇಳಿದರೆ ಸಾಕು, ಕಥೆ ಶುರುಮಾಡುತ್ತಿದ್ದೆ. ಈಗ ಅದು ಗ್ಯಾರೇಜಿನಲ್ಲಿದೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದೇನೆ. ಯಾಕೆ ತೆಗೆದಿರಿ ಎಂದು ಹೆಂಡತಿ ಕೇಳಲಿಲ್ಲ. ಅವಳಿಗೆ ಗೊತ್ತು.

ಕೋಲು ಕೊಟ್ಟವರು ಐರ್ಲೆಂಡಿನ ಒಬ್ಬ ಹಿರಿಯರು. ನಮ್ಮೂರಿನದೇ ವೆಲ್ಷ್‌ಪೂಲ್ ಬಡಾವಣೆಯ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು. ಆ ಗೋದಾಮಿನ ಸರಕಿನ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ನಾನು ಹೋದಾಗ ಪರಿಚಯವಾಯಿತು. ಒಂದೇ ಸಾಮಾನು ಎರಡೆರಡು ಸಲ ನಮೂದಾಗಿದ್ದರೆ ಹುಡುಕಿ ಒಂದನ್ನು ಅಳಿಸುವುದು ನನ್ನ ಕೆಲಸದ ಮುಖ್ಯ ಭಾಗ. ಆ ಕೆಲಸದಲ್ಲಿ ನನಗೆ ಸ್ವಲ್ಪ ಕೊಂಬು ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಅವರು ನಿವೃತ್ತರಾದ ಮೇಲೂ ಸ್ನೇಹ ಉಳಿಯಿತು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ದೇಶದ ಇನ್ನೊಂದು ತುದಿಯ ಬ್ರಿಸ್ಬೇನ್‌ನಲ್ಲಿ. ನಮ್ಮ ಪಕ್ಕದ ಬಡಾವಣೆ ಥಾರ್ನ್ಲಿಯ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಮನೆಯಲ್ಲಿ ಅವರನ್ನು ‘ಥಾರ್ನ್ಲಿ ಅಂಕಲ್’ ಎಂದೇ ಕರೆಯುತ್ತಿದ್ದೆವು.

ಅವರ ಕೌಂಟಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರುಗಳ ವಿಷಯದಲ್ಲಿ ನನ್ನನ್ನು ನಂಬುವಂತಿಲ್ಲ ಎನ್ನುವುದು ಓದುತ್ತಾ ಹೋದಂತೆ ತಿಳಿಯುತ್ತದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಒಂದು ಚರ್ಚಿಗೆ ನಡೆದುಕೊಳ್ಳುವ ನಾಲ್ಕಾರು ಹಳ್ಳಿಗಳು ಸೇರಿದರೆ ಒಂದು ಪ್ಯಾರಿಷ್. ಹರ್ಲಿಂಗ್ ಅಂದರೆ ಆ ಕೋಲಿನಿಂದ ಚೆಂಡು ಹೊಡೆಯುವ ಆಟ. ಪ್ಯಾರಿಷ್‌ಗೊಂದು ಹರ್ಲಿಂಗ್ ತಂಡ, ತಂಡಕ್ಕೆ ಹದಿನೈದು ಜನ. ನಾನು ಮೊದಲ ಸಲ ಆ ಆಟ ನೋಡಿದಾಗ ಹಾಕಿಯೂ ಕ್ರಿಕೆಟ್ಟೂ ಜುಟ್ಟು ಹಿಡಿದು ಜಗಳವಾಡಿದಂತಿದೆ ಎಂದಿದ್ದೆ. ಅಂಕಲ್ ಬಿದ್ದು ಬಿದ್ದು ನಕ್ಕಿದ್ದರು.

ಅವರು ಮೂವತ್ತು ವರ್ಷ ಕೂತು ತಮ್ಮ ಕೌಂಟಿಯ ತಂಡಗಳ ಚರಿತ್ರೆ ಬರೆದಿದ್ದರು. ಮೂರು ದಪ್ಪ ನೋಟ್‌ಬುಕ್ಕು, ನೀಲಿ ಶಾಯಿ. ಹಸುಗಳನ್ನು ಅಟ್ಟಿ ಆಡುತ್ತಿದ್ದ ಹುಲ್ಲುಗಾವಲು, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಹೊಲಿಸಿದ ಅಂಗಿಗಳು, ಜನರೆಲ್ಲ ಹಡಗು ಹತ್ತಿ ಹೋದ ಮೇಲೆ ಹದಿನೈದು ಮಂದಿ ಸಿಗದೆ ಪಕ್ಕದ ಪ್ಯಾರಿಷ್ ಜೊತೆ ಸೇರಿಕೊಂಡ ತಂಡ, ಎಲ್ಲವೂ ಅದರಲ್ಲಿತ್ತು. ಆದರೆ ಅವರ ಪ್ರಕಾರ ಮುಖ್ಯವಾದದ್ದು ಇದಾವುದೂ ಅಲ್ಲ, ತಂಡಗಳ ಪಟ್ಟಿ. ಯಾವ ವರ್ಷ ಯಾವ ಹದಿನೈದು ಜನ ಆಡಿದರು ಎನ್ನುವುದು. ಪಂದ್ಯದ ಹಿಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಆ ಹೆಸರುಗಳನ್ನು ಜೋರಾಗಿ ಓದುತ್ತಿದ್ದರಂತೆ. ಅವರ ಪ್ಯಾರಿಷ್ ಕೌಂಟಿಯ ಫೈನಲ್ ತಲುಪಿದ್ದು ಒಂದೇ ಸಲ. ಆ ತಂಡದಲ್ಲಿ ಅಂಕಲ್ ಇರಲಿಲ್ಲ, ಅವರ ತಮ್ಮ ಇದ್ದ. ಗೆಲುವಿನ ಗೋಲು ಹೊಡೆದವನು ಅವನೇ. ಆಮೇಲೆ ಅವನೂ ಈ ದೇಶಕ್ಕೆ ಬಂದು, ಅಡಿಲೇಡ್‌ನಲ್ಲಿ ನೆಲೆಸಿ, ಅಲ್ಲೇ ತೀರಿಕೊಂಡಿದ್ದ.

ಅಂಕಲ್‌ಗೆ ಕಣ್ಣಿನ ಪೊರೆ ಬರುತ್ತಿತ್ತು. “ನಾನು ಟೈಪ್ ಮಾಡ್ಕೊಡ್ತೀನಿ, ಪುಸ್ತಕ ಮಾಡಿಸೋಣ” ಎಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ. ಯಾರೂ ಬಲವಂತ ಮಾಡಿರಲಿಲ್ಲ.

ಪಟ್ಟಿಗಳಲ್ಲಿ ಕೆಲವು ಹೆಸರುಗಳ ಪಕ್ಕ ಪುಟ್ಟ ಪುಟ್ಟ ಪದಗಳಿದ್ದವು, ಅವರ ಹಳೆಯ ಭಾಷೆಯವು. ನನಗೆ ಓದಲು ಬರಲಿಲ್ಲ, ಬಿಟ್ಟು ಮುಂದೆ ಹೋದೆ. ಒಂದು ಶನಿವಾರ ಮಧ್ಯಾಹ್ನ ಟೈಪಿಂಗ್ ಮುಗಿಸಿ ನೋಡುತ್ತೇನೆ, ಒಂದೇ ತಂಡದಲ್ಲಿ ಒಂದೇ ಹೆಸರು ಎರಡು ಸಲ, ಮೂರು ಸಲ! ಫೈನಲ್ ಆಡಿದ ತಂಡದಲ್ಲೂ ಹಾಗೇ. ವಯಸ್ಸಾದವರು, ಬರೆದದ್ದನ್ನೇ ಮತ್ತೆ ಬರೆದಿದ್ದಾರೆ ಅಂದುಕೊಂಡೆ. ವೆಲ್ಷ್‌ಪೂಲ್‌ನಲ್ಲಿ ಡಬ್ಬಗಳಿಗೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಒಂದು ಬಟನ್ ಒತ್ತಿದರೆ ಸಾಕು, ಎರಡನೆಯದು ಮೂರನೆಯದು ಮಾಯ. ಪ್ರತಿ ತಂಡಕ್ಕೂ ಒತ್ತುತ್ತಾ ಹೋದೆ.

“ಅಂಕಲ್ ನೋಟ್ಸಲ್ಲಿ ಎಷ್ಟೊಂದ್ ಡೂಪ್ಲಿಕೇಟ್ ಇತ್ತು ಗೊತ್ತಾ? ಎಲ್ಲಾ ಕ್ಲೀನ್ ಮಾಡ್ಬಿಟ್ಟೆ” ಎಂದು ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

“ಅವರನ್ನ ಒಂದ್ ಮಾತು ಕೇಳಿದ್ರಾ?” ಎಂದಳು.

“ಕೇಳೋದೇನಿದೆ ಅದ್ರಲ್ಲಿ?” ಎಂದೆ.

ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಏಕೆಂದರೆ ನಮ್ಮ ಮೈಸೂರಿನ ಮನೆಯಲ್ಲಿ ತಾತನ ಹೆಸರನ್ನು ಮೂವರು ಮೊಮ್ಮಕ್ಕಳಿಗೆ ಇಟ್ಟಿದ್ದರು. ದೊಡ್ಡಪ್ಪನ ಮಗ ‘ದೊಡ್ಡ’, ಚಿಕ್ಕಪ್ಪನ ಮಗ ‘ಕೆಂಪ’, ನಾನು ‘ಸಣ್ಣ’. ಒಮ್ಮೆ ರೇಷನ್ ಕಾರ್ಡಿನ ಗುಮಾಸ್ತ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆಯೆಂದು ಎರಡನ್ನು ಹೊಡೆದುಹಾಕಿದ್ದ. ಅಜ್ಜಿ ನಮ್ಮ ಮೂವರನ್ನೂ ಆಫೀಸಿಗೆ ಎಳೆದುಕೊಂಡು ಹೋಗಿ, ಅವನ ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿ, “ಕಣ್ ಬಿಟ್ಟು ನೋಡಪ್ಪಾ, ಇವು ಮೂರು ಅಲ್ವಾ?” ಎಂದು ಗದರಿದ್ದರು. ಆ ಕಥೆಯನ್ನು ಎಷ್ಟೋ ಬಾರ್ಬೆಕ್ಯೂ ಊಟಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಆ ಶನಿವಾರ ಅದು ನೆನಪಿಗೇ ಬರಲಿಲ್ಲ. ಐರ್ಲೆಂಡಿನ ಹಳ್ಳಿಯಲ್ಲೂ ತಾತನ ಹೆಸರು ಇಡುತ್ತಾರೆ, ಆ ಪುಟ್ಟ ಪದಗಳು ಅವರ ದೊಡ್ಡ, ಕೆಂಪ ಎಂದು ನನಗೆ ಹೊಳೆಯಲಿಲ್ಲ.

ಅಚ್ಚಿಗೆ ಹೋಗುವ ಮುನ್ನ ಅಂಕಲ್ ಫೋನ್ ಮಾಡಿ, “ಈ ಆರ್ವೋ, ಮಧ್ಯಾಹ್ನ ಊಟ ಆದ್ಮೇಲೆ ಬಾ, ಪಟ್ಟಿಗಳನ್ನ ಒಂದ್ಸಲ ಜೋರಾಗಿ ಓದು. ನನ್ ಕಣ್ಣಿಗೆ ಕಾಣಲ್ಲ, ಕಿವಿ ಚೆನ್ನಾಗಿದೆ” ಎಂದರು. ಇನ್ನೂರು ಪಟ್ಟಿ ಓದುತ್ತಾ ಕೂರಲು ನನಗೆ ಪುರುಸೊತ್ತು ಎಲ್ಲಿ? “ನಾನೇ ಚೆಕ್ ಮಾಡಿದೀನಿ, ನೀವು ಯೋಚನೆ ಮಾಡ್ಬೇಡಿ” ಎಂದೆ.

ಪುಸ್ತಕ ಬಂತು. ಹೆಸರುಗಳನ್ನು ಒಂದರ ಹಿಂದೊಂದು ಸಾಲಾಗಿ ಅಚ್ಚು ಹಾಕಿಸಿದ್ದೆ, ಹಾಗಾಗಿ ಎಣಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಆಟದ ಮೈದಾನದ ಪಕ್ಕದ ಹಾಲಿನಲ್ಲಿ ಐರಿಶ್ ಜನ ಸೇರಿದ್ದರು. ಅಂಕಲ್ ನನ್ನನ್ನು ಮುಂದೆ ಕರೆದು ಹೆಗಲ ಮೇಲೆ ಕೈಯಿಟ್ಟು, “ನಮ್ಮವರ ಹೆಸರುಗಳನ್ನ ಉಳಿಸಿಕೊಟ್ಟವನು ಇವನು” ಎಂದು ಆ ಕೋಲನ್ನು ಕೊಟ್ಟರು. ಅದರಲ್ಲಿ ಅವರ ತಮ್ಮ ಆಡಿದ್ದನಂತೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಫೋಟೊವನ್ನು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ್ದೂ ನಾನೇ.

ಮೂರು ವಾರದ ನಂತರ ಅಂಕಲ್ ಫೋನ್ ಬಂತು. ದನಿ ಸಣ್ಣದಾಗಿತ್ತು. ಅಡಿಲೇಡ್‌ನಿಂದ ತಮ್ಮನ ಹೆಂಡತಿ ಕರೆಮಾಡಿದ್ದರಂತೆ. ಫೈನಲ್ ತಂಡದಲ್ಲಿ ಹದಿಮೂರೇ ಹೆಸರು. ಗಂಡನ ಹೆಸರಿನವನು ಒಬ್ಬನೇ ಇದ್ದಾನೆ, ಪಟ್ಟಿಯಲ್ಲಿ ಮೊದಲು ಬರುವ ಗೋಲ್‌ಕೀಪರ್, ಗಿರಣಿಯವರ ಮನೆಯವನು. ನನ್ನ ಗಂಡ ಹೊಡೆದ ಗೋಲನ್ನು ಗಿರಣಿಯವನಿಗೆ ಕೊಟ್ಟುಬಿಟ್ಟಿರಾ ಎಂದು ಕೇಳಿದರಂತೆ.

“ನೋಟ್‌ಬುಕ್ ನಿನ್ ಹತ್ರಾನೇ ಇದೆಯಲ್ಲ, ಸ್ವಲ್ಪ ನೋಡಿ ಹೇಳು. ನಾನು ಅವನ ಹೆಸರು ಬರೆದಿಲ್ವಾ?” ಎಂದರು ಅಂಕಲ್.

ಫೋನು ಕಿವಿಯಲ್ಲಿರುವಂತೆಯೇ ಶೆಲ್ಫಿನಿಂದ ನೋಟ್‌ಬುಕ್ ತೆಗೆದೆ. ಪುಟ ತೆರೆದೆ. ಹದಿನೈದು ಸಾಲು. ಆ ಹೆಸರು ಮೂರು ಕಡೆ, ಮೂರರ ಪಕ್ಕದಲ್ಲೂ ಪುಟ್ಟ ಪದ. ಈಗ ಹೇಳಿಬಿಡಬೇಕು ಅಂದುಕೊಂಡೆ. ಆ ಚಪ್ಪಾಳೆ, ಆ ಫೋಟೊ ಕಣ್ಣೆದುರು ಬಂದವು.

“ಎಲ್ಲೋ ಇಟ್ಟಿದೀನಿ ಅಂಕಲ್, ಹುಡುಕಿ ಹೇಳ್ತೀನಿ” ಎಂದೆ.

ಅವರು, “ಹೋಗ್ಲಿ ಬಿಡು. ನಾನೇ ಬಿಟ್ಟಿರ್ತೀನಿ, ವಯಸ್ಸಾಯ್ತು. ನೀನು ಬೇಜಾರು ಮಾಡ್ಕೋಬೇಡ” ಎಂದರು. ನನಗೇ ಸಮಾಧಾನ ಹೇಳಿ ಫೋನ್ ಇಟ್ಟರು. ಬಟನ್ ಒತ್ತಿದ್ದು ತಪ್ಪು, ಅದನ್ನು ಯಾರಾದರೂ ಕ್ಷಮಿಸಬಹುದು. ಆ ಫೋನಿನಲ್ಲಿ ಆಡಿದ ಒಂದು ಮಾತಿಗೆ ನಾನು ಇವತ್ತಿಗೂ ತಲೆ ಎತ್ತಲಾರೆ.

ಆಮೇಲೆ ಅವಕಾಶಗಳು ಬರಲಿಲ್ಲವೆಂದಲ್ಲ. ಮುಂದಿನ ತಿಂಗಳು ಆಫೀಸಿನ ಕೆಲಸಕ್ಕೆ ಅಡಿಲೇಡ್‌ಗೆ ಹೋದೆ. ಹೇಳಿಯೇ ತೀರುತ್ತೇನೆಂದು ತಮ್ಮನ ಹೆಂಡತಿಯ ಮನೆಗೂ ಹೋದೆ. ಆಕೆ ಟೀ ಕೊಟ್ಟು ಪುಸ್ತಕ ತಂದು ತೋರಿಸಿದರು. ಆ ಪುಟದ ಅಂಚಿನಲ್ಲಿ ಗಂಡನ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದರು. “ಭಾವನ ಮೇಲೆ ಸಿಟ್ಟು ಬಂದಿತ್ತು, ಈಗಿಲ್ಲ. ಪಾಪ, ಮರೆವು ಶುರುವಾಗಿದೆ. ಅವರು ತಮ್ಮನನ್ನೇ ಮರೀತಾರೆ ಅಂದ್ರೆ ಇನ್ನೇನು ಉಳೀತು?” ಎಂದರು. ನಾನು ಟೀ ಕುಡಿದೆ. ಬಿಸ್ಕತ್ತೂ ತಿಂದೆ. ಬಾಯಿ ಬಿಡಲಿಲ್ಲ.

ಆ ‘ಮರೆವು’ ಎಂಬ ಮಾತು ಅಡಿಲೇಡ್‌ನಿಂದ ಬ್ರಿಸ್ಬೇನ್‌ಗೆ ಮುಟ್ಟಿತು. ಅಂಕಲ್ ಒಮ್ಮೆ ಒಲೆ ಆರಿಸುವುದನ್ನು ಮರೆತಿದ್ದರಂತೆ. ಮಗಳು ಅದನ್ನೂ ಇದನ್ನೂ ಕೂಡಿಸಿ ನೋಡಿದಳು. ಸ್ವಂತ ತಮ್ಮನ ಹೆಸರು ಬಿಟ್ಟು ಪುಸ್ತಕ ಮಾಡಿದವರನ್ನು ಒಬ್ಬರೇ ಇರಲು ಬಿಡುವುದು ಹೇಗೆ? ಬಂದಳು, ಕಾರು ಮಾರಿದಳು, ಥಾರ್ನ್ಲಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಅಪ್ಪನನ್ನು ತನ್ನ ಜೊತೆ ಬ್ರಿಸ್ಬೇನ್‌ಗೆ ಹೊರಡಿಸಿದಳು. ಅಂಕಲ್ ಎದುರು ಮಾತಾಡಲಿಲ್ಲ. ಅವರಿಗೇ ತಮ್ಮ ಮೇಲೆ ನಂಬಿಕೆ ಹೋಗಿತ್ತು. ಪೆಟ್ಟಿಗೆಗಳನ್ನು ಎತ್ತಿಡಲು ನಾನು ಹೋಗಿದ್ದೆ. “ನೀನಿಲ್ದಿದ್ರೆ ಇದೆಲ್ಲ ಹೇಗೆ ಆಗ್ತಿತ್ತು” ಎಂದು ಮಗಳು ನನಗೆ ಥ್ಯಾಂಕ್ಸ್ ಹೇಳಿದಳು.

ಅವರು ಹೋದ ಮೇಲೆ ಒಂದು ಸಂಜೆ ಹೆಂಡತಿ ಶೆಲ್ಫು ಒರೆಸುವಾಗ ನೋಟ್‌ಬುಕ್ ತೆರೆದು ನೋಡಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಇಲ್ಲೇ ಇದೆಯಲ್ರೀ ಅವರ ತಮ್ಮನ ಹೆಸರು.”

ನಾನು ನೋಟ್‌ಬುಕ್ಕಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

“ನಿಮ್ಗೆ ಮೊದಲೇ ಗೊತ್ತಿತ್ತಾ?” ಎಂದಳು. ನಮ್ಮ ಮಗಳು ಅಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದಳು. ಅವಳು ತಲೆಯೆತ್ತಿ, ಹಾಗಾದರೆ ಅಂಕಲ್ ಏನನ್ನೂ ಮರೆತೇ ಇರಲಿಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ಮುಖ ನೋಡಲಾಗದೆ ಎದ್ದು ಹೊರಗೆ ಹೋದೆ. ಆ ವಾರವೇ ಬ್ರಿಸ್ಬೇನ್‌ಗೆ ಟಿಕೆಟ್ ಮಾಡಿಸಿದೆ.

ಬ್ರಿಸ್ಬೇನ್‌ನ ಮನೆಯಲ್ಲಿ ಬಾಗಿಲು ತೆರೆದ ಅಂಕಲ್ ಮಗಳು ಮೊದಲು ನನ್ನನ್ನು ಅಡುಗೆಮನೆಗೆ ಕರೆದಳು. ಡ್ರಾಯರ್ ಎಳೆದು ಒಂದು ಕಟ್ಟು ಹಾಳೆ ತೋರಿಸಿದಳು. ಒಂದೊಂದು ಹಾಳೆಯಲ್ಲೂ ಅವೇ ಹದಿನೈದು ಹೆಸರು, ಫೈನಲ್ ತಂಡದ್ದು, ದೊಡ್ಡ ದೊಡ್ಡ ನಡುಗುವ ಅಕ್ಷರದಲ್ಲಿ. “ದಿನಾ ಬೆಳಿಗ್ಗೆ ತಿಂಡಿಗೆ ಮೊದ್ಲು ಬರೀತಾರೆ. ಇನ್ನೊಂದ್ಸಲ ಮರೀಬಾರ್ದು ಅಂತ. ಒಂದು ದಿನಾನೂ ತಪ್ಪು ಬರೆದಿಲ್ಲ, ಅದೇ ನನಗೆ ಅರ್ಥ ಆಗ್ತಿಲ್ಲ” ಎಂದಳು.

ಅಂಕಲ್ ವರಾಂಡದಲ್ಲಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿದ್ದರು. ನನ್ನನ್ನು ಕಂಡು ಖುಷಿಯಿಂದ ಎರಡೂ ಕೈ ಚಾಚಿದರು. ನಾನು ಕೈ ಕೊಡದೆ ನೋಟ್‌ಬುಕ್ ತೆರೆದು ಅವರ ತೊಡೆಯ ಮೇಲಿಟ್ಟೆ. ಅವರು ಬೆರಳು ಇಟ್ಟುಕೊಂಡು ಸಾಲು ಸಾಲಾಗಿ ಕೆಳಗೆ ಬಂದರು. ಬೆರಳು ಒಂದು ಕಡೆ ನಿಂತಿತು.

“ಬರೆದಿದ್ದೆ” ಎಂದರು.

“ನೀವು ಸರಿಯಾಗೇ ಬರೆದಿದ್ರಿ ಅಂಕಲ್. ಅಳಿಸಿದ್ದು ನಾನು. ಒಂದೇ ಹೆಸರು ಮೂರು ಸಲ ಬಂದಿದೆ ಅಂತ ಅಳಿಸ್ಬಿಟ್ಟೆ.”

“ಯಾವಾಗ ಗೊತ್ತಾಯ್ತು ನಿನಗೆ?”

“ನೀವು ಫೋನ್ ಮಾಡಿದ ದಿನಾನೇ. ನೋಟ್‌ಬುಕ್ ಕೈಯಲ್ಲೇ ಇತ್ತು.”

ಹಿಂದೆ ಟೀ ತಂದು ನಿಂತಿದ್ದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. “ಐದು ತಿಂಗಳು” ಎಂದಳು. “ಅವರ ಮನೇನ ಬಿಡಿಸ್ಬಿಟ್ಟೆ ನಾನು.” ಕಪ್ಪನ್ನು ಕೆಳಗಿಟ್ಟು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂಕಲ್ ಕೂಡ ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ, “ದಿನಾ ಬೆಳಿಗ್ಗೆ ಅವನ ಹತ್ರ ಕ್ಷಮೆ ಕೇಳ್ತಿದ್ದೆ” ಎಂದರು. “ನಿನ್ನನ್ನ ಮರೆತ್ಬಿಟ್ನಲ್ಲೋ ಅಂತ.”

ಆಮೇಲೆ ನೋಟ್‌ಬುಕ್ಕನ್ನು ನನ್ನ ಕಡೆಗೆ ತಿರುಗಿಸಿ, “ಓದು, ಜೋರಾಗಿ” ಎಂದರು.

ಓದಿದೆ. ಆ ಹೆಸರು ಮೊದಲ ಸಲ ಬಂದಾಗ ಅವರು “ಗಿರಣಿಯವನು” ಎಂದರು. ಎರಡನೆಯ ಸಲ “ಕೆಂಪು ಕೂದಲಿನವನು” ಎಂದರು. ಮೂರನೆಯ ಸಲ ಬಂದಾಗ ನನ್ನನ್ನೇ ನೋಡುತ್ತಾ ಕೂತರು.

“ಈ ಪದದ ಅರ್ಥ ಏನು ಅಂಕಲ್?” ಎಂದು ಕೇಳಿದೆ. ಇಡೀ ಪುಸ್ತಕ ಟೈಪ್ ಮಾಡಿದ ನಾನು ಅದನ್ನು ಕೇಳಿದ್ದು ಅದೇ ಮೊದಲು.

“ಸಣ್ಣ ಅಂತ” ಎಂದರು. “ಮನೇಲಿ ಎಲ್ಲರೂ ಅವನನ್ನ ಹಾಗೇ ಕರೀತಿದ್ವಿ.”

ಮುಂದೆ ಓದಲಾಗಲಿಲ್ಲ. ಅವರು ಕಾದರು. ನಾನು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಓದಿದೆ, ಹದಿನೈದನ್ನೂ.